ಪರವೂರಿನ ಪಂದ್ಯ ಮತ್ತು ಪ್ರೇಕ್ಷಕಧರ್ಮ

ಆಟಗಾರನ ಗುಣದೋಷಗಳನ್ನು ಕುರಿತು ಬರೆದವರು ಅನೇಕರು. ಆಟವನ್ನು ನೋಡುವವನ ಗುಣದೋಷಗಳನ್ನು ಕುರಿತು ಚಿಂತಿಸಿದವರು ವಿರಳ. ಭರತಮುನಿಯಾದರೋ ಈ ವಿಷಯವನ್ನು ಕಡೆಗಣಿಸಲಿಲ್ಲ. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ವಿಚಾರಮಾಡುವಾಗ, ಪ್ರೇಕ್ಷಕನು ಎಂಥವನಾಗಿರಬೇಕೆಂಬುದನ್ನು ಆತ ನಿರೂಪಿಸಿದ್ದಾನೆ. ಪ್ರಯೋಗಕ್ಕೆ ಒದಗುವ ಘಾತಗಳನ್ನೂ ಎಣಿಸಿದ್ದಾನೆ. ಅವುಗಳಲ್ಲಿ ವೈರಿಗಳಿಂದ ಬರುವ ಘಾತವೂ ಒಂದು. ಮಾತ್ಸರ್ಯ, ದ್ವೇಷ, ಪಕ್ಷಪಾತಗಳಿಂದ ಪ್ರೇರಿತರಾದವರು ಅತಿಯಾಗಿ ನಗುವುದು, ಅರಚುವುದು, ರಂಗದ ಮೇಲೆ ಸಗಣಿಯನ್ನೂ ಮಣ್ಣಿನ ಹೆಂಟೆಯನ್ನೂ ಇರುವೆಗಳನ್ನೂ ಎರಚುವುದು ಇವೆಲ್ಲ ಆ ಪಟ್ಟಿಯಲ್ಲಿ ಸೇರಿವೆ. ಇರುವೆಯ ಸ್ಥಾನದಲ್ಲಿ ಇಂದು ನೀರಿನ ಬಾಟಲಿಗಳು ಬಂದಿವೆ. ರಂಗದ ಸ್ಥಾನದಲ್ಲಿ ಕ್ರೀಡಾಂಗಣ ಬಂದಿದೆ. ದೋಷ ಮಾತ್ರ ಅಂದಿನದೇ.

ಪ್ರೇಕ್ಷಕರಲ್ಲಿ ವಿಶೇಷ ವಿಚಾರಕ್ಕೆ ಅರ್ಹನಾದವನು ಒಬ್ಬನಿದ್ದಾನೆ. ತನ್ನ ಊರಿನ ತಂಡವನ್ನು ಹಿಂಬಾಲಿಸಿ ಎದುರಾಳಿಯ ಊರಿಗೇ ಹೋಗಿ ಅಲ್ಲಿ ಪಂದ್ಯವನ್ನು ನೋಡುವವನು ಅವನು. ಅವನ ಸ್ಥಿತಿ ವಿಲಕ್ಷಣವಾದುದು. ಅವನು ಏಕಕಾಲದಲ್ಲಿ ಅತಿಥಿಯೂ ಹೌದು, ಎದುರಾಳಿಯೂ ಹೌದು. ಆ ಊರಿನ ಅನ್ನವನ್ನು ಉಣ್ಣುತ್ತಾನೆ, ಆ ಊರಿನ ತಂಡ ಸೋಲಲೆಂದು ಹಾರೈಸುತ್ತಾನೆ. ಇಂಥವನನ್ನು ಒಂದು ಊರು ಹೇಗೆ ನಡೆಸಿಕೊಳ್ಳುತ್ತದೆ, ಅವನು ಆ ಊರಿನಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಿಂದಲೇ ಎರಡು ಊರುಗಳ ಸಂಸ್ಕಾರವನ್ನೂ ಅಳೆಯಬಹುದು. ಗೆದ್ದ ಕಪ್ಪುಗಳ ಎಣಿಕೆಯಿಂದ ಈ ಅಳತೆ ಸಾಧ್ಯವಿಲ್ಲ.

ಈ ವಿಚಾರ ಹೊಸದೇನಲ್ಲ. ಪ್ರಾಚೀನ ಗ್ರೀಸಿನಲ್ಲಿ ಒಲಿಂಪಿಯದ ಕ್ರೀಡೆಗಳು ಕ್ರಿ. ಪೂ. 776ರಲ್ಲಿ ಆರಂಭವಾದುವೆಂಬುದು ಸಂಪ್ರದಾಯ. ಆ ನಾಡಿನ ನಗರರಾಜ್ಯಗಳು ಪರಸ್ಪರ ಕಾದಾಡುತ್ತಿದ್ದುವು. ಹಾಗಿದ್ದೂ ಕ್ರೀಡೆಯ ಕಾಲದಲ್ಲಿ ಒಂದು ವಿರಾಮವನ್ನು ಘೋಷಿಸಲಾಗುತ್ತಿತ್ತು. ಆ ವಿರಾಮದಿಂದ ಯುದ್ಧಗಳೆಲ್ಲ ನಿಂತುಹೋಗುತ್ತಿದ್ದುವೆಂದು ಹಲವರು ಭಾವಿಸಿದ್ದಾರೆ. ಅದರ ಮುಖ್ಯೋದ್ದೇಶ ಅಷ್ಟು ದೊಡ್ಡದಲ್ಲ. ಅದಕ್ಕಿಂತ ಹೆಚ್ಚು ಉಪಯುಕ್ತವಾದುದು. ಕ್ರೀಡೆಗೆ ಹೋಗುವ ಸ್ಪರ್ಧಿಗಳಿಗೂ ಪ್ರೇಕ್ಷಕರಿಗೂ, ಶತ್ರುವಿನ ನೆಲವನ್ನು ಹಾದುಹೋಗಬೇಕಾಗಿ ಬಂದರೂ, ದಾರಿಯಲ್ಲಿ ಅಭಯವಿರಬೇಕೆಂಬುದೇ ಅದರ ಸಾರ. ಸ್ಪರ್ಧಿಯಷ್ಟೇ ಪ್ರೇಕ್ಷಕನಿಗೂ ರಕ್ಷಣೆ ಸಲ್ಲಬೇಕೆಂದು ಅಂದಿನವರು ಅರಿತಿದ್ದರು.

ನಮ್ಮ ಉಪಖಂಡದಲ್ಲಿ ಈ ಮಾತಿಗೆ ಅತ್ಯುತ್ತಮ ನಿದರ್ಶನ 1955ರ ಲಾಹೋರು. ದೇಶವಿಭಜನೆಯಾಗಿ ಏಳೂವರೆ ವರ್ಷಗಳು ಮಾತ್ರ ಕಳೆದಿದ್ದುವು. ಅಮೃತಸರಕ್ಕೂ ಲಾಹೋರಿಗೂ ನಡುವೆ ಇರುವ ದೂರ ಸುಮಾರು 50 ಕಿಲೋಮೀಟರು. ಆದರೆ ಆ ಅಲ್ಪ ದೂರದಲ್ಲಿ 1947ರಲ್ಲಿ ಹರಿದ ರಕ್ತ, ಬಿಟ್ಟುಬಂದ ಮನೆಗಳು, ಅಗಲಿದ ಬಂಧುಗಳು ಎಲ್ಲವೂ ಅಡಗಿದ್ದುವು. ಆ ವರ್ಷದ ಜನವರಿ ಕೊನೆಯಲ್ಲಿ ಲಾಹೋರಿನ ಬಾಗ್-ಎ-ಜಿನ್ನಾ ಮೈದಾನದಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವಣ ಮೂರನೆಯ ಟೆಸ್ಟ್ ಪಂದ್ಯ ಏರ್ಪಟ್ಟಿತು. ಅದನ್ನು ನೋಡಲು ಸುಮಾರು ಹತ್ತು ಸಾವಿರ ಭಾರತೀಯರು ವಾಘಾ ಗಡಿಯನ್ನು ದಾಟಿದರು. ವಿಭಜನೆಯ ಅನಂತರ ಆ ಗಡಿಯನ್ನು ಅಷ್ಟು ಜನ ಒಟ್ಟಿಗೆ ದಾಟಿದ್ದು ಅದೇ ಮೊದಲು. ಬಹುಮಂದಿ ಬೆಳಿಗ್ಗೆ ಹೋಗಿ ಆಟ ಮುಗಿದಮೇಲೆ ಅಮೃತಸರಕ್ಕೆ ಮರಳಿದರು.

ಆ ಪಂದ್ಯ ರೋಚಕವಾಗಿತ್ತೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಆ ಸರಣಿಯ ಐದು ಟೆಸ್ಟ್ ಪಂದ್ಯಗಳೂ ಡ್ರಾ ಆದುವು. ಸೋಲಿನ ಭಯದಿಂದ ಎರಡು ತಂಡಗಳೂ ಗೆಲುವನ್ನು ಬಯಸುವ ಧೈರ್ಯವನ್ನೇ ತೋರಲಿಲ್ಲ. ಆಟಗಾರರು ಎಷ್ಟು ಅಂಜಿದರೋ ಪ್ರೇಕ್ಷಕರು ಅಷ್ಟು ಧೈರ್ಯಶಾಲಿಗಳಾಗಿದ್ದರೆಂಬುದೇ ಇಲ್ಲಿ ಗಮನಾರ್ಹ. ಯಾವ ಊರಿನಿಂದ ಪ್ರಾಣಭಯದಿಂದ ಓಡಿಬಂದಿದ್ದರೋ ಆ ಊರಿಗೇ, ಎದುರು ಪಕ್ಷದ ಪ್ರೇಕ್ಷಕರಾಗಿ, ಕೈಯಲ್ಲಿ ಟಿಕೆಟ್ಟು ಹಿಡಿದು ಹೋಗಿ ಕುಳಿತರು. ಲಾಹೋರಿನವರು ಅವರಿಗೆ ಪಕ್ಕದಲ್ಲಿ ಸ್ಥಳ ಬಿಟ್ಟುಕೊಟ್ಟರು. ಕ್ರಿಕೆಟ್ ಇತಿಹಾಸದಲ್ಲಿ ಆ ಪಂದ್ಯದ ಫಲಿತಾಂಶವನ್ನು ನೆನೆಯುವವರಿಲ್ಲ. ಆ ಪ್ರಯಾಣವನ್ನು ಮಾತ್ರ ಇಂದಿಗೂ ನೆನೆಯುತ್ತಾರೆ.

ಅತಿಥೇಯ ನಗರದ ಧರ್ಮಕ್ಕೆ ನಿದರ್ಶನ ಬೇಕಾದರೆ ಚೆನ್ನೈಯನ್ನು ನೋಡಬೇಕು. 1999ರ ಜನವರಿಯಲ್ಲಿ ಪಾಕಿಸ್ತಾನದ ತಂಡ ಭಾರತಕ್ಕೆ ಬಂದಾಗ ವಾತಾವರಣ ಶಾಂತವಾಗಿರಲಿಲ್ಲ. ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದ ಅಂಕಣವನ್ನು ಪ್ರತಿಭಟನಕಾರರು ಅಗೆದು ಕೆಡಿಸಿದ್ದರಿಂದ ಮೊದಲ ಟೆಸ್ಟ್ ಪಂದ್ಯವನ್ನು ಚೆನ್ನೈಗೆ ವರ್ಗಾಯಿಸಬೇಕಾಯಿತು. ಚೆಪಾಕ್ ಮೈದಾನದಲ್ಲಿ ನಡೆದ ಆ ಪಂದ್ಯದಲ್ಲಿ ಭಾರತ ಗೆಲ್ಲಲು 271 ರನ್ನುಗಳು ಬೇಕಾಗಿದ್ದುವು. ಸಚಿನ್ ತೆಂಡೂಲ್ಕರರು ಬೆನ್ನುನೋವನ್ನು ಸಹಿಸಿಕೊಂಡು 136 ರನ್ನು ಗಳಿಸಿದರು. ಅವರು ನಿರ್ಗಮಿಸಿದ ಮೇಲೆ ಉಳಿದ ವಿಕೆಟ್ಟುಗಳು ಬೇಗನೆ ಉರುಳಿ ಭಾರತ 258ಕ್ಕೆ ಆಟ ಮುಗಿಸಿತು. ಸೋಲು ಕೇವಲ 12 ರನ್ನುಗಳಿಂದ. ಆ ಭಾರತ ತಂಡದಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ಸುನಿಲ್ ಜೋಶಿ ಎಂಬ ಐವರು ಕನ್ನಡ ನಾಡಿನವರೇ ಆಗಿದ್ದುದರಿಂದ ಆ ಸೋಲಿನ ಕಹಿ ಇಲ್ಲಿನವರಿಗೂ ಕಡಿಮೆಯಾಗಿರಲಿಲ್ಲ.

ಕೊನೆಯ ವಿಕೆಟ್ಟು ಬಿದ್ದಾಗ ಕ್ರೀಡಾಂಗಣ ಒಂದು ಕ್ಷಣ ಸ್ತಬ್ಧವಾಯಿತು. ಅನಂತರ ಚೆನ್ನೈಯ ಪ್ರೇಕ್ಷಕರು ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಕರತಾಡನದ ಗೌರವ ಸಲ್ಲಿಸಿದರು. ವಾಸಿಂ ಅಕ್ರಮರ ತಂಡ ಆ ಗೌರವವನ್ನು ಸ್ವೀಕರಿಸುತ್ತ ಮೈದಾನವನ್ನು ಸುತ್ತಿಬಂದಿತು. ಈ ನಡವಳಿಕೆ ಆ ಒಂದು ದಿನದ ಆಕಸ್ಮಿಕವಾಗಿರಲಿಲ್ಲ. 1975ರ ಜನವರಿಯಲ್ಲಿ, ಆಗ ಮದರಾಸೆಂದು ಹೆಸರಿದ್ದ ಅದೇ ನಗರದ ಅದೇ ಮೈದಾನದಲ್ಲಿ, ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸರ ವೇಗದ ಎದುರು ಭಾರತ 190 ರನ್ನುಗಳಿಗೆ ಕುಸಿದಾಗ, ಕನ್ನಡಿಗ ಗುಂಡಪ್ಪ ವಿಶ್ವನಾಥರು ಔಟಾಗದೆ 97 ರನ್ನು ಗಳಿಸಿ ನಿಂತರು. ದೇಶೀಯ ಪಂದ್ಯಗಳಲ್ಲಿ ತಮ್ಮ ತಂಡವನ್ನು ಕಾಡುತ್ತಿದ್ದ ನೆರೆನಾಡಿನ ದಾಂಡಿಗನೆಂಬುದನ್ನು ಮದರಾಸಿಗರು ಲೆಕ್ಕಿಸಲಿಲ್ಲ. ಅವರನ್ನು ತಮ್ಮವರೆಂದೇ ಹೃದಯದಲ್ಲಿ ಇಟ್ಟುಕೊಂಡರು. ಎದುರಾಳಿಯ ಗುಣವನ್ನು ಮೆಚ್ಚುವುದು ತಲೆಮಾರಿನಿಂದ ತಲೆಮಾರಿಗೆ ಅಭ್ಯಾಸದಿಂದ ಬರತಕ್ಕದ್ದು. ಒಂದು ದಿನ ಭಾಷಣ ಮಾಡಿದರೆ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರವೂ ಕಣ್ಣಮುಂದಿದೆ. 1996ರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಭಾರತ 8 ವಿಕೆಟ್ಟಿಗೆ 120 ರನ್ನು ಗಳಿಸಿ ಸೋಲಿನ ದಾರಿಯಲ್ಲಿದ್ದಾಗ ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಬಾಟಲಿಗಳ ಮಳೆಗರೆದು ಬೆಂಕಿ ಹಚ್ಚಿದರು. ಪಂದ್ಯವನ್ನು ಶ್ರೀಲಂಕೆಗೆ ಬಿಟ್ಟುಕೊಡಬೇಕಾಯಿತು. ಚೆನ್ನೈಯ ಘಟನೆಯಾದ ಕೆಲವೇ ವಾರಗಳಲ್ಲಿ, 1999ರ ಫೆಬ್ರವರಿಯಲ್ಲಿ, ಅದೇ ಈಡನ್ ಗಾರ್ಡನ್ಸಿನಲ್ಲಿ ತೆಂಡೂಲ್ಕರರು ರನ್ ಔಟ್ ಆದುದರಿಂದ ಕೆರಳಿದ ಗುಂಪು ಗದ್ದಲವೆಬ್ಬಿಸಿತು. ಕಡೆಯ ದಿನ ಪೊಲೀಸರು ಸಾವಿರ ಸಾವಿರ ಪ್ರೇಕ್ಷಕರನ್ನು ಹೊರಗೆ ಕಳಿಸಿ, ಬರಿದಾದ ಕ್ರೀಡಾಂಗಣದಲ್ಲಿ ಪಂದ್ಯವನ್ನು ಮುಗಿಸಬೇಕಾಯಿತು. ಆಟವನ್ನು ಪ್ರಾಣದಂತೆ ಪ್ರೀತಿಸುವ ಊರೆಂಬ ಕೀರ್ತಿ ಕೋಲ್ಕತ್ತಕ್ಕೆ ಇದೆ, ಅದು ಸತ್ಯವೂ ಹೌದು. ಆದುದರಿಂದಲೇ ಈ ಘಟನೆಗಳು ಎಚ್ಚರಿಕೆಯಾಗತಕ್ಕವು. ಪ್ರೀತಿಯೊಂದೇ ಸಾಲದು, ಅದಕ್ಕೆ ಶಿಕ್ಷಣವೂ ಬೇಕು.

ಈ ಶಿಕ್ಷಣದ ಸ್ವರೂಪವೇನೆಂಬುದನ್ನು ಅಲಂಕಾರಶಾಸ್ತ್ರದ ಸಹಾಯದಿಂದ ತಿಳಿಯಬಹುದು. ಅಭಿನವಗುಪ್ತನು ರಸಾಸ್ವಾದಕ್ಕೆ ಒದಗುವ ಏಳು ವಿಘ್ನಗಳನ್ನು ಹೇಳಿದ್ದಾನೆ. ಎದುರಿಗೆ ನಡೆಯುತ್ತಿರುವುದನ್ನು ತನ್ನದು ಅಥವಾ ಪರರದು ಎಂದು ಕಟ್ಟಿಹಾಕಿ, ಅದರ ಸುಖದುಃಖಗಳಲ್ಲೇ ಮುಳುಗಿಹೋಗುವುದು ಅವುಗಳಲ್ಲಿ ಒಂದು. ತನ್ನ ತಂಡದ ದಾಂಡಿಗ ಹೊಡೆದಾಗ ಮಾತ್ರ ಸೊಗಸನ್ನು ಕಾಣುವವನಿಗೆ ಆಟದ ಅರ್ಧಭಾಗ ನಷ್ಟವಾದಂತೆಯೇ ಸರಿ. ಹಾಗೆಂದು ಪ್ರೇಕ್ಷಕನು ಪಕ್ಷವನ್ನೇ ತೊರೆಯಬೇಕೆಂದು ಅರ್ಥವಲ್ಲ. ನಾಟಕಕ್ಕೂ ಪಂದ್ಯಕ್ಕೂ ಇರುವ ಭೇದ ಇಲ್ಲಿಯೇ ಇದೆ. ಪಕ್ಷವಿಲ್ಲದ ಪಂದ್ಯ ಉಪ್ಪಿಲ್ಲದ ಅಡುಗೆ. ಶಾಸ್ತ್ರಾರ್ಥಸಭೆಯಲ್ಲಿ ಸಿದ್ಧಾಂತಿಯು ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿ ಆಮೇಲೆ ಖಂಡಿಸುವಂತೆ, ಊರಿನ ಪ್ರೇಕ್ಷಕರು ಎದುರು ಪಕ್ಷದ ಘೋಷವನ್ನು ತಮ್ಮ ಅಂಗಳದಲ್ಲಿ ಪೂರ್ಣವಾಗಿ ಕೇಳಬಲ್ಲವರಾಗಬೇಕು. ಪರವೂರಿನ ಪ್ರೇಕ್ಷಕನೇ ಆ ಸಭೆಯ ಪೂರ್ವಪಕ್ಷ. ಅವನಿಲ್ಲದೆ ಗೆದ್ದ ಗೆಲುವಿಗೆ ಎದುರು ಪಕ್ಷದ ಸಾಕ್ಷಿಯೇ ಇಲ್ಲ.

ಸಾಕ್ಷಿ ದೊರೆತಾಗ ಎಂಥ ಸೊಗಸು ಉಂಟಾಗುತ್ತದೆಂಬುದನ್ನು 2004ರ ವಸಂತಕಾಲ ತೋರಿಸಿತು. ಭಾರತದ ತಂಡ ಪಾಕಿಸ್ತಾನಕ್ಕೆ ಹೊರಟಾಗ ಪ್ರಧಾನಮಂತ್ರಿ ವಾಜಪೇಯಿಯವರು ಆಟವನ್ನಷ್ಟೇ ಅಲ್ಲ, ಹೃದಯಗಳನ್ನೂ ಗೆದ್ದುಬರಬೇಕೆಂದು ಹಾರೈಸಿದ್ದರು. ಸಾವಿರಾರು ಭಾರತೀಯರಿಗೆ ವೀಸಾ ದೊರೆಯಿತು. ಮಾರ್ಚ್ 13ರಂದು ಕರಾಚಿಯ ಏಕದಿನ ಪಂದ್ಯದಲ್ಲಿ ಭಾರತ 349 ರನ್ನು ಗಳಿಸಿತು; ರಾಹುಲ್ ದ್ರಾವಿಡರು 99ಕ್ಕೆ ಔಟಾದರು. ಇಂಜಮಾಮರ 122 ರನ್ನುಗಳ ಬಲದಿಂದ ಪಾಕಿಸ್ತಾನ 344ರವರೆಗೆ ಬಂದು 5 ರನ್ನುಗಳಿಂದ ಸೋತಿತು. ಕರಾಚಿಯ ಪ್ರೇಕ್ಷಕರು ತಮ್ಮ ಸೋಲನ್ನು ನುಂಗಿಕೊಂಡು ಭಾರತದವರಿಗೆ ಕರತಾಡನ ಮಾಡಿದರು. ಲಾಹೋರಿಗೆ ಹೋದ ಅತಿಥಿಗಳಿಂದ ಅಂಗಡಿಯವರೂ ಗಾಡಿಯವರೂ ಹಣ ಮುಟ್ಟಲೊಪ್ಪಲಿಲ್ಲವೆಂಬ ವಾರ್ತೆ ಅಂದಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಮರುವರ್ಷದ ಮಾರ್ಚ್‌ನಲ್ಲಿ ಮೊಹಾಲಿಯ ಟೆಸ್ಟ್ ಪಂದ್ಯಕ್ಕೆ ಪಾಕಿಸ್ತಾನದಿಂದ ಜನ ಬಂದಾಗ, ಚಂಡೀಗಢದ ಗೃಹಸ್ಥರು ತಮ್ಮ ಮನೆಗಳಲ್ಲೇ ಅವರಿಗೆ ವಸತಿ ಕೊಟ್ಟು ಆ ಋಣವನ್ನು ತೀರಿಸಿದರು. ಅದೇ ಸರಣಿಯ ಕೊನೆಯ ಪಂದ್ಯದಲ್ಲಿ ಬೆಂಗಳೂರಿನ ಪ್ರೇಕ್ಷಕರ ಎದುರಿಗೆ ಯೂನಿಸ್ ಖಾನರು 267 ರನ್ನು ಗಳಿಸಿ ಪಾಕಿಸ್ತಾನಕ್ಕೆ ಗೆಲುವು ತಂದರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಎರಡು ಪಕ್ಷದ ಅಭಿಮಾನಿಗಳನ್ನು ಒಂದೆಡೆ ಸೇರಿಸುವುದೇ ಅನರ್ಥಕ್ಕೆ ಮೂಲ. ಪರವೂರಿನವರನ್ನು ಬರಗೊಡದಿರುವುದೇ ಕ್ಷೇಮ ಎಂಬುದು ಆ ವಾದ. ಇದಕ್ಕೆ ಬ್ರಸೆಲ್ಸಿನ ಹೇಸೆಲ್ ಕ್ರೀಡಾಂಗಣದ ದುರಂತವನ್ನು ಉದಾಹರಿಸುತ್ತಾರೆ. 1985ರ ಮೇ 29ರಂದು ಅಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ತಂಡಗಳ ನಡುವೆ ಫುಟ್‌ಬಾಲ್ ಅಂತಿಮ ಪಂದ್ಯವಿತ್ತು. ಎರಡು ಕಡೆಯವರೂ ಆ ಊರಿಗೆ ಅತಿಥಿಗಳೇ. ಪಂದ್ಯಕ್ಕೆ ಮುನ್ನ ಇಂಗ್ಲಿಷ್ ಅಭಿಮಾನಿಗಳ ಗುಂಪು ಪಕ್ಕದ ಆವರಣಕ್ಕೆ ನುಗ್ಗಿತು. ಹಿಂಜರಿದ ಜನರ ಒತ್ತಡದಲ್ಲಿ ಗೋಡೆ ಕುಸಿಯಿತು. 39 ಜನ ಸತ್ತರು. ಇಂಗ್ಲೆಂಡಿನ ತಂಡಗಳನ್ನು ಯೂರೋಪಿನ ಸ್ಪರ್ಧೆಗಳಿಂದ ಐದು ವರ್ಷ ಹೊರಗಿಟ್ಟರು.

ಈ ದುರಂತವನ್ನು ಸರಿಯಾಗಿ ಪರಿಶೀಲಿಸಿದರೆ ಅದು ಆಕ್ಷೇಪವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಅತಿಥಿಗಳು ಅತಿಥಿಧರ್ಮವನ್ನು ಮೀರಿದರೆಂಬುದು ಮೊದಲನೆಯ ದೋಷ, ಅದಕ್ಕೆ ಕ್ಷಮೆಯಿಲ್ಲ. ಶಿಥಿಲವಾದ ಕ್ರೀಡಾಂಗಣವನ್ನು ಅಂಥ ಪಂದ್ಯಕ್ಕೆ ಆರಿಸಿದುದು, ಉದ್ರಿಕ್ತ ಗುಂಪಿನ ಪಕ್ಕದಲ್ಲೇ ಎದುರು ಪಕ್ಷದವರು ಬಂದು ಕೂಡುವಂತೆ ಟಿಕೆಟ್ಟುಗಳನ್ನು ಮಾರಿದುದು, ನಡುವೆ ದುರ್ಬಲವಾದ ಬೇಲಿಯನ್ನಷ್ಟೇ ಇಟ್ಟುದು ಇವು ಅತಿಥೇಯರ ದೋಷಗಳು. ಎರಡು ಧರ್ಮಗಳೂ ಒಟ್ಟಿಗೆ ಕೆಟ್ಟಾಗ ಅನರ್ಥವಾಯಿತು. ಆಸನಗಳನ್ನು ಬೇರ್ಪಡಿಸುವುದು ಕೆಲವೆಡೆ ಅವಶ್ಯವಾಗಬಹುದು. ಅದು ವ್ಯವಸ್ಥೆಯ ಮಾತು. ಆದರೆ ಬಾಗಿಲನ್ನೇ ಮುಚ್ಚುವುದು ರೋಗಕ್ಕೆ ಹೆದರಿ ಊಟವನ್ನೇ ಬಿಟ್ಟಂತೆ.

ಅತಿಥಿಧರ್ಮವನ್ನು ಬಲ್ಲ ಪ್ರೇಕ್ಷಕರು ಎಂಥವರೆಂಬುದನ್ನು ಜಪಾನಿನವರಿಂದ ಕಲಿಯಬಹುದು. 2022ರ ನವೆಂಬರಿನಲ್ಲಿ ಕತಾರಿನಲ್ಲಿ ವಿಶ್ವಕಪ್ ಫುಟ್‌ಬಾಲ್ ಆರಂಭವಾದಾಗ, ತಮ್ಮ ದೇಶ ಆಡದಿದ್ದ ಮೊದಲ ಪಂದ್ಯದ ಅನಂತರವೂ ಜಪಾನೀ ಪ್ರೇಕ್ಷಕರು ಚೀಲಗಳನ್ನು ಹಿಡಿದು ಇತರರು ಬಿಸುಟ ಕಸವನ್ನು ಹೆಕ್ಕಿದರು. ಕುಳಿತ ನೆಲವನ್ನು ತಾನು ಬಂದಾಗ ಇದ್ದುದಕ್ಕಿಂತ ಚೊಕ್ಕಟವಾಗಿ ಬಿಟ್ಟುಹೋಗುವವನನ್ನು ಯಾವ ಊರು ತಾನೆ ದ್ವೇಷಿಸೀತು? ಅವರು ತಮ್ಮ ತಂಡದ ಬಣ್ಣವನ್ನು ಬಚ್ಚಿಡುವುದಿಲ್ಲ, ಘೋಷವನ್ನು ತಗ್ಗಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪರವೂರಿನಲ್ಲಿ ಬಣ್ಣ ಮರೆಸಿ ಕೂರುವುದು ವಿನಯವಲ್ಲ, ಭಯ. ಅತಿಥಿಯು ಭಯದಿಂದ ಬಣ್ಣ ಮರೆಸಬೇಕಾದ ಊರು ಅವಮಾನಕ್ಕೆ ಗುರಿಯಾದ ಊರು. ತನ್ನವರನ್ನು ಹೊಗಳುವ ಸ್ವಾತಂತ್ರ್ಯ ಅತಿಥಿಗೆ ಪೂರ್ಣವಾಗಿ ಇರಬೇಕು. ಆತಿಥ್ಯ ಕೊಟ್ಟವರನ್ನು ತೆಗಳುವ ಸ್ವಾತಂತ್ರ್ಯ ಅವನಿಗೆ ಇಲ್ಲ.

ಬಾಗಿಲು ಮುಚ್ಚಿದಾಗ ಏನಾಗುತ್ತದೆಂಬುದನ್ನು 2023ರ ಅಕ್ಟೋಬರ್ 14ರಂದು ಅಹಮದಾಬಾದಿನಲ್ಲಿ ಕಾಣಲಾಯಿತು. ಲಕ್ಷಕ್ಕೂ ಹೆಚ್ಚು ಜನ ಕೂಡಬಲ್ಲ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನವನ್ನು ಏಳು ವಿಕೆಟ್ಟುಗಳಿಂದ ಸೋಲಿಸಿತು. ಪಾಕಿಸ್ತಾನದಿಂದ ಬಂದ ಪ್ರೇಕ್ಷಕರು ಇಲ್ಲವೆನ್ನುವಷ್ಟು ವಿರಳ. ಎಲ್ಲೆಲ್ಲೂ ಒಂದೇ ನೀಲಿ ಬಣ್ಣ. ಅದೇ ನವೆಂಬರ್ 19ರಂದು ಅದೇ ಅಂಗಳದಲ್ಲಿ ಆಸ್ಟ್ರೇಲಿಯ ವಿಶ್ವಕಪ್ಪನ್ನು ಗೆದ್ದಿತು. ತುಂಬಿದ ಸಭೆಯನ್ನು ಮೌನವಾಗಿಸುವುದಕ್ಕಿಂತ ಹೆಚ್ಚಿನ ತೃಪ್ತಿಯಿಲ್ಲವೆಂದು ಆ ತಂಡದ ನಾಯಕ ಕಮ್ಮಿನ್ಸರು ಹಿಂದಿನ ದಿನವೇ ಹೇಳಿದ್ದರು, ಹಾಗೆಯೇ ಆಯಿತು. ಕಪ್ಪನ್ನು ಎತ್ತುವ ಹೊತ್ತಿಗೆ ಪ್ರೇಕ್ಷಕರಲ್ಲಿ ಬಹುಮಂದಿ ಎದ್ದುಹೋಗಿದ್ದರು. ಚೆನ್ನೈಯ 1999ರ ಸಂಜೆಯನ್ನು ಬಲ್ಲವರಿಗೆ ಈ ಎರಡು ದೃಶ್ಯಗಳ ಅಂತರ ತಿಳಿಯದಿರದು. ಎದುರು ಪಕ್ಷದ ದನಿಯನ್ನು ಕೇಳುವ ಅಭ್ಯಾಸವೇ ಇಲ್ಲದ ಸಭೆಗೆ ಸೋಲನ್ನು ಎದುರಿಸುವ ಅಭ್ಯಾಸವೂ ಬರುವುದಿಲ್ಲ.

ರಾಷ್ಟ್ರದ ರಕ್ಷಣೆಯ ಪ್ರಶ್ನೆ ಬಂದಾಗ ಗಡಿಯನ್ನು ತೆರೆಯುವುದೂ ಮುಚ್ಚುವುದೂ ಸರ್ಕಾರಕ್ಕೆ ಬಿಟ್ಟ ವಿಷಯ. 2008ರ ಮುಂಬಯಿಯ ರಕ್ತಪಾತ, 2025ರ ಏಪ್ರಿಲಿನ ಪಹಲ್ಗಾಮಿನ ಹತ್ಯೆಗಳಂಥ ಘೋರಗಳನ್ನು ಮರೆತು ಆಟವಾಡಬೇಕೆಂದು ಯಾರೂ ಹೇಳಲಾರರು. ಭಾರತ ಪಾಕಿಸ್ತಾನಗಳು ಬೆಂಗಳೂರಿನಲ್ಲಿ 2007ರ ಡಿಸೆಂಬರಿನಲ್ಲಿ ಆಡಿದ ಟೆಸ್ಟ್ ಪಂದ್ಯದ ಬಳಿಕ ಮತ್ತೆ ಟೆಸ್ಟ್ ಆಡಿಲ್ಲ. ಅದರ ಕಾರಣಗಳನ್ನು ಒಪ್ಪಿಕೊಂಡರೂ ಕಳೆದುಹೋದುದನ್ನು ನಷ್ಟವೆಂದೇ ಕರೆಯಬೇಕು; ನಷ್ಟವನ್ನು ವಿಜಯವೆಂದು ಕರೆಯಬಾರದು.

ಆದರೆ ಯಾವ ಗಡಿಯೂ ಇಲ್ಲದ, ಯಾವ ವೀಸಾವೂ ಬೇಡದ ಊರುಗಳ ನಡುವೆ ದ್ವೇಷ ಬೆಳೆದರೆ ಅದಕ್ಕೆ ಯಾವ ಸಮಾಧಾನವಿದೆ? ಬೆಂಗಳೂರಿಗೂ ಚೆನ್ನೈಗೂ ಸುಮಾರು 350 ಕಿಲೋಮೀಟರು ದೂರ; ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಎರಡು ನಗರಗಳ ನಡುವೆ ಕ್ರಿಕೆಟಿನ ಸ್ಪರ್ಧೆಯೂ ಇದೆ, ಕಾವೇರಿ ನೀರಿನ ನೋವೂ ಇದೆ. 2018ರ ಏಪ್ರಿಲಿನಲ್ಲಿ ಆ ನೀರಿನ ಪ್ರತಿಭಟನೆಯ ಕಾರಣ ಚೆನ್ನೈ ತಂಡದ ತವರಿನ ಪಂದ್ಯಗಳನ್ನು ಪುಣೆಗೆ ಸಾಗಿಸಬೇಕಾಯಿತು. ಸುಮಾರು ಸಾವಿರ ಅಭಿಮಾನಿಗಳು ವಿಶೇಷ ರೈಲಿನಲ್ಲಿ ಅಲ್ಲಿಗೆ ಹೋದರು. ನದಿಯ ವ್ಯಾಜ್ಯಕ್ಕೆ ನ್ಯಾಯಸ್ಥಾನವಿದೆ. ಅದನ್ನು ಹಳದಿ ಅಂಗಿ ತೊಟ್ಟು ಬೆಂಗಳೂರಿಗೆ ಬಂದ ಹುಡುಗನ ಮೇಲೆ, ಕೆಂಪು ಅಂಗಿ ತೊಟ್ಟು ಚೆನ್ನೈಗೆ ಹೋದ ಹುಡುಗನ ಮೇಲೆ ತೀರಿಸಿಕೊಳ್ಳುವುದು ಪೌರುಷವಲ್ಲ. ವಿಶ್ವನಾಥರಿಗೆ ಚೆಪಾಕ್ ಕೊಟ್ಟ ಪ್ರೀತಿಯ ಋಣ ಕನ್ನಡಿಗರ ಮೇಲೆ ಇದ್ದೇ ಇದೆ. ಚೆನ್ನೈಯಿಂದ ಬಂದ ಪ್ರೇಕ್ಷಕನಿಗೆ ದಾರಿ ತೋರಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ಅವನ ಘೋಷಕ್ಕೆ ಘೋಷದಿಂದಲೇ ಉತ್ತರ ಕೊಡುವುದೇ ಆ ಋಣವನ್ನು ತೀರಿಸುವ ಬಗೆ.

ಈ ಸಂಸ್ಕಾರಕ್ಕೆ ಮೂಲಸ್ಥಾನ ಪಾಠಶಾಲೆ. ವಿದ್ಯಾಸಂಸ್ಥೆಗಳು ಆಟವನ್ನು ಕಲಿಸುತ್ತವೆ, ನೋಡುವುದನ್ನು ಕಲಿಸುವುದಿಲ್ಲ. ತಂಡದಲ್ಲಿ ಆಡುವವರು ಹನ್ನೊಂದು ಮಂದಿ, ನೋಡುವವರು ನೂರಾರು. ಶಿಕ್ಷಣವೆಲ್ಲ ಆ ಹನ್ನೊಂದು ಮಂದಿಗೇ ಮೀಸಲು. ತಾಲ್ಲೂಕು ಮತ್ತು ಜಿಲ್ಲಾ ಪಂದ್ಯಗಳಿಗೆ ತಂಡ ಹೊರಟಾಗ ಆಡದ ವಿದ್ಯಾರ್ಥಿಗಳಲ್ಲೂ ಕೆಲವರನ್ನು ಅಧ್ಯಾಪಕರು ಜೊತೆಗೆ ಕರೆದೊಯ್ಯಬೇಕು. ಆ ಊರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಅವರಿಗೆ ಊಟ ವಸತಿ ಕೊಡಬೇಕು. ಸಾಧ್ಯವಾದರೆ ಎದುರು ಶಾಲೆಯ ಮಕ್ಕಳನ್ನೂ ಅದೇ ಪಂಕ್ತಿಗೆ ಕರೆಯಬೇಕು. ಗೆದ್ದ ತಂಡಕ್ಕೆ ಬೆಳ್ಳಿಯ ಕಪ್ಪನ್ನು ಕೊಡುವ ದಾನಿಗಳು, ಎದುರಾಳಿಯ ಒಳ್ಳೆಯ ಆಟವನ್ನು ಮೆಚ್ಚಿ ತೋರಿದ ಪ್ರೇಕ್ಷಕ ವಿದ್ಯಾರ್ಥಿಗಳ ಶಾಲೆಗೂ ಒಂದು ಬಹುಮಾನವನ್ನು ಇಟ್ಟರೆ ಅವರ ದಾನ ಇಮ್ಮಡಿ ಸಾರ್ಥಕವಾದೀತು. ಇವುಗಳಲ್ಲಿ ಯಾವುದಕ್ಕೂ ಅಪಾರ ವೆಚ್ಚವಿಲ್ಲ.

ಹೀಗೆ ಪರವೂರಿಗೆ ಹೋಗಿ, ತನ್ನ ತಂಡದ ಸೋಲನ್ನು ಕಣ್ಣಾರೆ ಕಂಡು, ಗೆದ್ದವರ ಮನೆಯಲ್ಲಿ ಉಂಡು ಬಂದ ಬಾಲಕನು ಮುಂದೆ ಯಾವ ಕ್ರೀಡಾಂಗಣದಲ್ಲಿ ಕುಳಿತರೂ ಕೈಗೆ ಕಲ್ಲನ್ನು ತೆಗೆದುಕೊಳ್ಳಲಾರನು. 1955ರಲ್ಲಿ ವಾಘಾ ದಾಟಿ ಹೋದವರು ಯಾವ ಕಪ್ಪನ್ನೂ ಹೊತ್ತು ತರಲಿಲ್ಲ. ಎದುರೂರಿನಲ್ಲಿ ಕುಳಿತು ಆಟ ನೋಡಿ ಸಂಜೆ ಕ್ಷೇಮವಾಗಿ ಮನೆಗೆ ಮರಳಿದರು. ಯಾವ ಊರಿನ ಮಕ್ಕಳು ಪಂದ್ಯ ನೋಡಲು ಎಲ್ಲಿಗೆ ಹೋದರೂ ಅವರ ತಾಯಂದಿರು ಅಷ್ಟರಮಟ್ಟಿನ ಭರವಸೆಯಿಂದ ಬಾಗಿಲಲ್ಲಿ ಕಾಯುವಂತಾಗಲಿ.